‘ಕೊನ್ವುಲ್ಸಿಯೊನೇರ್’: ವೈದ್ಯರ ಪದವೊಂದು ಭಕ್ತರ ಹೆಸರಾದ ಬಗೆ

ಹದಿನೆಂಟನೆಯ ಶತಮಾನದ ಫ್ರಾನ್ಸಿನ ಚರಿತ್ರೆಯನ್ನು ಓದುವವರಿಗೆ ‘ಕೊನ್ವುಲ್ಸಿಯೊನೇರ್’ ಎಂಬ ಪದ ಒಂದಲ್ಲ ಒಂದು ಕಡೆ ಎದುರಾಗುತ್ತದೆ. 1731ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಸೇಂಟ್ ಮೆದಾರ್ ಚರ್ಚಿನ ಸಮಾಧಿಭೂಮಿಯಲ್ಲಿ ಒಂದು ಗೋರಿಯ ಮೇಲೆ ಮಲಗಿ ಪ್ರಾರ್ಥಿಸುತ್ತಿದ್ದವರ ಕೈಕಾಲುಗಳು ಸೆಟೆದು, ಬೆನ್ನು ಹಿಂದಕ್ಕೆ ಬಾಗಿ, ಉಸಿರು ಕಟ್ಟಿ, ಬಾಯಿಂದ ಕೂಗು ಹೊರಡತೊಡಗಿತು. ಹೀಗೆ ಸೆಳೆತಕ್ಕೆ ಒಳಗಾದವರನ್ನು ಕರೆಯಲು ಹುಟ್ಟಿಕೊಂಡ ಪದ ಇದು. ಇದರ ಮೂಲದಲ್ಲಿರುವುದು ‘ಕೊನ್ವೆಲ್ಲೆರೆ’ ಎಂಬ ಲ್ಯಾಟಿನ್ ಕ್ರಿಯಾಪದ. ಬಲವಾಗಿ ಕೀಳು, ಎಳೆ, ಸೆಳೆ ಎಂಬುದು ಅದರ ಅರ್ಥ. ಅದರಿಂದ ಬಂದ ‘ಕನ್ವಲ್ಷನ್’ ಯುರೋಪಿನ ವೈದ್ಯಗ್ರಂಥಗಳಲ್ಲಿ ಸ್ನಾಯುಗಳು ರೋಗಿಯ ಅಂಕೆಗೆ ಸಿಗದೆ ಬಿಗಿದುಕೊಳ್ಳುವುದಕ್ಕೆ ಹೆಸರಾಗಿತ್ತು. ಕನ್ನಡದಲ್ಲಿಯೂ ಇದೇ ಲಕ್ಷಣವನ್ನು ‘ಸೆಳವು’ ಎನ್ನುತ್ತೇವೆ. ಎರಡು ದೂರದ ಭಾಷೆಗಳು ಎಳೆತದ ಕಲ್ಪನೆಯನ್ನೇ ಹಿಡಿದಿವೆ. ಆ ವೈದ್ಯಪದಕ್ಕೆ ಒಂದು ಸಂಗತಿಗೆ ಸೇರಿದ ವ್ಯಕ್ತಿಯನ್ನು ಸೂಚಿಸುವ ಪ್ರತ್ಯಯ ಸೇರಿದಾಗ ‘ಸೆಳವಿನವರು’ ಎಂಬರ್ಥದ ಹೊಸ ಪದ ಸಿದ್ಧವಾಯಿತು. ನಮಗೆ ಪರಿಚಿತವಾದ ‘ಮಿಶನರಿ’ ಪದದ ಕೊನೆಯಲ್ಲಿರುವುದೂ ಅದೇ ಪ್ರತ್ಯಯ.

ಈ ಹೆಸರಿನಲ್ಲಿ ಗಮನಿಸಬೇಕಾದದ್ದು ಅದು ಹೇಳದೆ ಬಿಟ್ಟಿರುವ ಮಾತು. ಮೈ ಸೆಳೆಯಿತು ಎಂದು ಅದು ಹೇಳುತ್ತದೆ, ಸೆಳೆದವರು ಯಾರು ಎಂದು ಹೇಳುವುದಿಲ್ಲ. ನೂರು ವರ್ಷ ಹಿಂದೆ ಪರಿಸ್ಥಿತಿ ಹಾಗಿರಲಿಲ್ಲ. 1632ರಲ್ಲಿ ಫ್ರಾನ್ಸಿನ ಲೂದೂಂ ಪಟ್ಟಣದ ಉರ್ಸುಲೈನ್ ಕಾನ್ವೆಂಟಿನ ಸಂನ್ಯಾಸಿನಿಯರು ಹೀಗೆಯೇ ಮೈ ತಿರುಚಿ ಹೊರಳಾಡಿದಾಗ ಅವರನ್ನು ಸೈತಾನನ ವಶವಾದವರು ಎಂದು ಕರೆದರು, ಉರ್ಬೈನ್ ಗ್ರಾಂದಿಯೆ ಎಂಬ ಪಾದ್ರಿಯೇ ಮಾಟ ಮಾಡಿ ಅವರ ಮೈಯೊಳಕ್ಕೆ ಪಿಶಾಚಿಗಳನ್ನು ಕಳಿಸಿದನೆಂದು ತೀರ್ಮಾನಿಸಿ 1634ರ ಆಗಸ್ಟಿನಲ್ಲಿ ಅವನನ್ನು ಸಜೀವ ಸುಟ್ಟರು. ಅಲ್ಲಿ ಹೆಸರಿನೊಳಗೆ ಕಾರಣವೂ ಇತ್ತು, ಕಾರಣದ ಹಿಂದೆಯೇ ತೀರ್ಪೂ ಇತ್ತು. ನಮ್ಮ ಮಾತುಗಳೂ ಬಹುಮಟ್ಟಿಗೆ ಈ ಬಗೆಯವೇ: ‘ಮೈಮೇಲೆ ದೇವರು ಬಂತು’, ‘ಗಾಳಿ ಸೋಕಿತು’ ಎನ್ನುವಾಗ ಬಂದವರು ಯಾರೆಂಬುದು ವಾಕ್ಯದಲ್ಲಿಯೇ ಇರುತ್ತದೆ, ‘ಆವೇಶ’ ಎಂದರೂ ಏನೋ ಒಂದು ಒಳಹೊಕ್ಕಿದೆ ಎಂದು ಒಪ್ಪಿಕೊಂಡೇ ಮಾತು ಶುರುವಾಗುತ್ತದೆ. ಪ್ಯಾರಿಸ್ಸಿನ ಹೊಸ ಪದ ಮಾತ್ರ ಲಕ್ಷಣವೊಂದನ್ನೇ ಹೇಳಿ ಸುಮ್ಮನಾಯಿತು. ಆದ್ದರಿಂದಲೇ ಇದು ದೇವರ ಕೆಲಸ ಎಂದವರು, ಸೈತಾನನದು ಎಂದವರು, ನರಗಳ ರೋಗ ಎಂದವರು, ಶುದ್ಧ ನಟನೆ ಎಂದವರು, ಈ ನಾಲ್ಕೂ ಪಕ್ಷದವರು ಅದೊಂದೇ ಪದವನ್ನು ಬಳಸಿಕೊಂಡು ಅರ್ಧ ಶತಮಾನಕ್ಕೂ ಮಿಕ್ಕಿ ಜಗಳವಾಡಲು ಸಾಧ್ಯವಾಯಿತು. ಪದದ ಚರಿತ್ರೆಯೆಂದರೆ ಆ ಜಗಳದ ಚರಿತ್ರೆಯೇ.

ಜಗಳದ ಬೇರು ಧರ್ಮಶಾಸ್ತ್ರದಲ್ಲಿದೆ. ಈಪ್ರ್ ಪಟ್ಟಣದ ಬಿಷಪ್ ಆಗಿದ್ದ ಜಾನ್ಸೇನಿಯಸ್ ಸಂತ ಅಗಸ್ಟೀನನ ಬೋಧನೆಯನ್ನು ಕುರಿತು ಬರೆದ ದೊಡ್ಡ ಗ್ರಂಥ ಆತ ತೀರಿಕೊಂಡ ಮೇಲೆ 1640ರಲ್ಲಿ ಅಚ್ಚಾಯಿತು. ಮನುಷ್ಯ ತನ್ನ ಪ್ರಯತ್ನದಿಂದ ಉದ್ಧಾರವಾಗಲಾರ, ದೇವರ ಕೃಪೆಯೊಂದೇ ಅವನನ್ನು ಎತ್ತಬಲ್ಲದು, ಆ ಕೃಪೆ ಎಲ್ಲರಿಗೂ ದಕ್ಕುವುದಿಲ್ಲ ಎಂಬ ಕಠಿಣ ನಿಲುವು ಅದರದು. ಇದನ್ನು ಹಿಡಿದವರಿಗೆ ಜಾನ್ಸೆನಿಸ್ಟರೆಂದು ಹೆಸರಾಯಿತು. ಜೆಸ್ವಿಟ್ಟರು ಅವರ ಬದ್ಧ ವಿರೋಧಿಗಳು. ರೋಮ್ 1653ರಿಂದಲೂ ಅವರನ್ನು ಖಂಡಿಸುತ್ತ ಬಂದಿತ್ತು. ಹದಿನಾಲ್ಕನೆಯ ಲೂಯಿ ಅವರ ನೆಲೆಯಾಗಿದ್ದ ಪೋರ್ ರಾಯಲ್ ಮಠದ ಸಂನ್ಯಾಸಿನಿಯರನ್ನು 1709ರಲ್ಲಿ ಚದುರಿಸಿ ಆಮೇಲೆ ಕಟ್ಟಡವನ್ನೂ ನೆಲಸಮ ಮಾಡಿಸಿದ. 1713ರ ಸೆಪ್ಟೆಂಬರಿನಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟ್ ‘ಉನಿಜೆನಿತುಸ್’ ಎಂಬ ಆಜ್ಞಾಪತ್ರ ಹೊರಡಿಸಿ, ಪಾಸ್ಕಿಯೆ ಕೆನೆಲ್ ಎಂಬ ಜಾನ್ಸೆನಿಸ್ಟ್ ಲೇಖಕನ ಪುಸ್ತಕದಿಂದ ಆಯ್ದ 101 ವಾಕ್ಯಗಳನ್ನು ತಪ್ಪೆಂದು ಸಾರಿದ. 1717ರಲ್ಲಿ ನಾಲ್ವರು ಬಿಷಪ್ಪರು ಈ ಆಜ್ಞೆಯ ವಿರುದ್ಧ ಇಡೀ ಚರ್ಚಿನ ಮಹಾಸಭೆಗೆ ಮೇಲ್ಮನವಿ ಸಲ್ಲಿಸಿದರು. ಮೇಲ್ಮನವಿಗೆ ಸಹಿ ಹಾಕಿದವರು, ಅಂದರೆ ‘ಅಪೆಲಾಂ’ಗಳು, ಆಮೇಲಿನ ವರ್ಷಗಳಲ್ಲಿ ಹುದ್ದೆ ಕಳೆದುಕೊಂಡರು, ಗಡೀಪಾರಾದರು, ಸೆರೆಮನೆ ಸೇರಿದರು. 1730ರ ಮಾರ್ಚಿನಲ್ಲಿ ಆ ಆಜ್ಞಾಪತ್ರ ಫ್ರಾನ್ಸಿನ ರಾಜ್ಯದ ಕಾನೂನೇ ಆಯಿತು. ಪೋಪ್, ದೊರೆ, ಹೆಚ್ಚಿನ ಬಿಷಪ್ಪರು ಎಲ್ಲರೂ ಒಂದು ಕಡೆ ನಿಂತಾಗ ಇನ್ನೊಂದು ಕಡೆಯವರಿಗೆ ಉಳಿದ ಸಾಕ್ಷಿ ದೇವರೊಬ್ಬನೇ. ಆತ ಸಾಕ್ಷಿ ನುಡಿಯುವ ಬಗೆ ಪವಾಡ.

ಸಮಾಧಿಭೂಮಿಯಲ್ಲಿದ್ದ ಗೋರಿ ಫ್ರಾನ್ಸ್ವಾ ದ ಪಾರಿ ಎಂಬಾತನದು. 1690ರಲ್ಲಿ ಪ್ಯಾರಿಸ್ಸಿನ ಶ್ರೀಮಂತ ನ್ಯಾಯಾಧೀಶರ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದ ಈತ ತಂದೆಯ ಹುದ್ದೆಯನ್ನು ತಮ್ಮನಿಗೆ ಬಿಟ್ಟುಕೊಟ್ಟ. ಪಾದ್ರಿಯಾಗಲು ತಾನು ಯೋಗ್ಯನಲ್ಲವೆಂದು ಭಾವಿಸಿ ಅದಕ್ಕಿಂತ ಕೆಳಗಿನ ಡೀಕನ್ ಹಂತದಲ್ಲಿಯೇ ನಿಂತುಕೊಂಡ. ಚರ್ಮ ಹದಮಾಡುವವರೂ ಬಣ್ಣ ಹಾಕುವವರೂ ವಾಸಿಸುತ್ತಿದ್ದ ಸೇಂಟ್ ಮಾರ್ಸೊ ಎಂಬ ಬಡ ಹೊರವಲಯದಲ್ಲಿ ಮನೆ ಹಿಡಿದು, ಕಾಲುಚೀಲ ನೇಯ್ದು, ಇದ್ದುದನ್ನು ಬಡವರಿಗೆ ಹಂಚಿ, ಉಪವಾಸದಿಂದ ಮೈ ಸವೆಸಿ, 1727ರ ಮೇ 1ರಂದು 36ನೆಯ ವಯಸ್ಸಿಗೆ ತೀರಿಕೊಂಡ. ಮೇಲ್ಮನವಿ ಸಲ್ಲಿಸಿದವರಲ್ಲಿ ಆತನೂ ಒಬ್ಬ. ಶವಸಂಸ್ಕಾರದ ಹೊತ್ತಿಗೇ ರೇಷ್ಮೆ ನೂಲು ಸುತ್ತುವ ಬಡ ಹೆಂಗಸೊಬ್ಬಳ ಸ್ವಾಧೀನ ತಪ್ಪಿದ ಕೈ ನೆಟ್ಟಗಾಯಿತೆಂಬ ಸುದ್ದಿ ಹಬ್ಬಿತು. ಜನ ಗೋರಿಯ ಮಣ್ಣನ್ನು ಕೊಂಡೊಯ್ದು ನೀರಿನಲ್ಲಿ ಕದಡಿ ಕುಡಿದರು, ಹುಣ್ಣಿಗೆ ಹಚ್ಚಿಕೊಂಡರು. ಆಗಿನ ಆರ್ಚ್‌ಬಿಷಪ್ ಕಾರ್ಡಿನಲ್ ನೊಆಯ್ ಈ ಗುಣವಾದ ಪ್ರಕರಣಗಳ ಬಗ್ಗೆ 1728ರಲ್ಲಿ ವಿಚಾರಣೆಯನ್ನೂ ಆರಂಭಿಸಿದ್ದ.

ಇಲ್ಲಿಯವರೆಗಿನದು ಯುರೋಪಿನ ಯಾವ ಸಂತನ ಗೋರಿಯಲ್ಲಾದರೂ ನಡೆಯಬಹುದಾದ ಕಥೆ, ಸೆಳವಿನ ಸುದ್ದಿ ಇನ್ನೂ ಇಲ್ಲ. ನೊಆಯ್ ತೀರಿಕೊಂಡ ಮೇಲೆ ಬಂದ ವ್ಯಾಂತಿಮೀಲ್ ಎಂಬ ಆರ್ಚ್‌ಬಿಷಪ್ ಆಜ್ಞಾಪತ್ರದ ಪರ ಇದ್ದವನು. ಆನ್ ಲಫ್ರಾಂ ಎಂಬಾಕೆ ಗುಣವಾದ ಪ್ರಕರಣವನ್ನು ಸುಳ್ಳೆಂದು 1731ರ ಜುಲೈಯಲ್ಲಿ ಸಾರಿ, ಪಾರಿಯ ಗೋರಿಯನ್ನು ಪೂಜಿಸಬಾರದೆಂದು ವಿಧಿಸಿದ. ಪರಿಣಾಮ ತದ್ವಿರುದ್ಧವಾಯಿತು, ಜನ ಹಿಂದಿಗಿಂತ ಹೆಚ್ಚಾಗಿ ನೆರೆದರು. ನಗರದ 23 ಮಂದಿ ಪಾದ್ರಿಗಳು ಬೇರೆ ಪವಾಡಗಳನ್ನೂ ಪರೀಕ್ಷಿಸಿ ನೋಡಿ ಎಂದು ಆರ್ಚ್‌ಬಿಷಪ್ಪನಿಗೆ ಅರ್ಜಿ ಬರೆದರು. ಕುಂಟಿಯಂತೆ ನಟಿಸಿ ಗೇಲಿ ಮಾಡಲು ಬಂದ ವಿಧವೆಯೊಬ್ಬಳಿಗೆ ಗೋರಿಯ ಮೇಲೆಯೇ ಒಂದು ಪಕ್ಕ ಬಿದ್ದುಹೋಯಿತೆಂಬ ಸುದ್ದಿ ಆಗಸ್ಟಿನಲ್ಲಿ ಊರನ್ನೆಲ್ಲ ಅಲುಗಾಡಿಸಿತು. ಮೈ ಸೆಳೆಯಲಾರಂಭಿಸಿದ್ದು ಈ ವಾರಗಳಲ್ಲಿ. ಎಲ್ಲರ ಕಣ್ಣಿಗೆ ಬಿದ್ದವನು ಮೋಂಪೆಲಿಯೆ ಕಡೆಯಿಂದ ಬಂದ ಬೆಶೆರಾಂ ಎಂಬ ಧರ್ಮಸೇವಕ. ಆತನ ಒಂದು ಕಾಲು ಗಿಡ್ಡವಾಗಿತ್ತು. ಅದು ಸರಿಯಾಗಲೆಂದು ದಿನವೂ ಗೋರಿಯ ಕಲ್ಲಿನ ಮೇಲೆ ಮಲಗುತ್ತಿದ್ದ, ದಿನವೂ ಮೈ ಕಲ್ಲಿನಿಂದ ಪುಟಿಯುವಷ್ಟು ಸೆಳೆಯುತ್ತಿತ್ತು. ಕಾಲು ಉದ್ದವಾಗುತ್ತಿದೆಯೇ ಎಂದು ಬೆಂಬಲಿಗರು ಅಳೆದು ನೋಡುತ್ತಿದ್ದರು, ವಿರೋಧಿಗಳು ನಗುತ್ತಿದ್ದರು. ಬೆಶೆರಾಂ ಪ್ರಕರಣದಿಂದ ಪವಾಡದ ಕಲ್ಪನೆಯೇ ಜಾಗ ಬದಲಿಸಿತೆಂದು ನನಗೆ ತೋರುತ್ತದೆ. ಅದುವರೆಗೆ ರೋಗ ಹೋದದ್ದು ಪವಾಡವಾಗಿತ್ತು. ಇನ್ನು ಮುಂದೆ ರೋಗದಂತೆ ಕಾಣುವ ಸೆಳವೇ ದೇವರ ಗುರುತಾಯಿತು, ಗುಣವಾಗುವುದು ಆಮೇಲಿನ ಮಾತಾಯಿತು.

ಸರ್ಕಾರ ತನ್ನ ಉತ್ತರವನ್ನು ವೈದ್ಯರ ಮೂಲಕ ಹೇಳಿಸಿತು. ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ ರೆನೆ ಎರೋ ಸೆಳವು ಬಂದ ಕೆಲವರನ್ನು ಹಿಡಿಸಿ ಬಾಸ್ತೀಲ್ ಸೆರೆಮನೆಯಲ್ಲಿಟ್ಟು 1732ರ ಜನವರಿಯಲ್ಲಿ ವೈದ್ಯರಿಂದಲೂ ಶಸ್ತ್ರವೈದ್ಯರಿಂದಲೂ ಪರೀಕ್ಷೆ ಮಾಡಿಸಿದ. ಸೆಳವು ತಾನಾಗಿ ಬಂದದ್ದಲ್ಲ, ಬೇಕೆಂದೇ ತರಿಸಿಕೊಂಡದ್ದು ಎಂದು ಅವರು ವರದಿ ಕೊಟ್ಟರು. ಜನವರಿ 27ರಂದು ರಾಜಾಜ್ಞೆ ಹೊರಟು, ಎರಡು ದಿನಗಳಲ್ಲಿ ಸಮಾಧಿಭೂಮಿಗೆ ಬೀಗ ಬಿತ್ತು. ಆಗ ಪ್ಯಾರಿಸ್ಸಿನಲ್ಲಿ ಹರಿದಾಡಿದ ಎರಡು ಸಾಲಿನ ಪದ್ಯವನ್ನು ಇಂದಿಗೂ ಉದ್ಧರಿಸುತ್ತಾರೆ: ‘ದೊರೆಯ ಅಪ್ಪಣೆ, ದೇವರಿಗೆ ನಿಷೇಧ, ಈ ಜಾಗದಲ್ಲಿ ಪವಾಡ ಮಾಡಕೂಡದು.’ ಮರುವರ್ಷ ಫೆಬ್ರವರಿಯಲ್ಲಿ ಇನ್ನೊಂದು ಆಜ್ಞೆ ಬಂತು. ಸೆಳವು ಬಂದಿದೆಯೆಂದು ‘ಹೇಳಿಕೊಳ್ಳುವವರು’ ಜನರೆದುರು ಪ್ರದರ್ಶನ ಕೊಡಬಾರದು, ಮನೆಗಳಲ್ಲಿ ಕೂಟ ಸೇರಬಾರದು ಎಂಬುದು ಅದರ ಸಾರ. ‘ಹೇಳಿಕೊಳ್ಳುವವರು’ ಎಂಬ ಆ ಒಂದು ಮಾತಿನಲ್ಲಿ ವೈದ್ಯರ ವರದಿ ಕಾನೂನಾಗಿ ಕುಳಿತಿದೆ. ಸೆಳವೆಂದರೆ ರೋಗಿಯ ಅಂಕೆಗೆ ಸಿಗದ ಚಲನೆ. ಅಂಕೆಯಲ್ಲಿದೆ ಎಂದು ತೋರಿಸಿದರೆ ಅದು ಸೆಳವೇ ಅಲ್ಲ, ಮೋಸ. ವೈದ್ಯಕೀಯ ಪದವನ್ನು ಧರ್ಮದ ವಿಷಯಕ್ಕೆ ಅನ್ವಯಿಸಿದುದರಿಂದ ಪೊಲೀಸರಿಗೆ ಒದಗಿದ ಅನುಕೂಲ ಇದು.

ಬೀಗ ಬಿದ್ದ ಮೇಲೆ ಚಳವಳಿ ಮನೆಗಳೊಳಕ್ಕೆ ಸರಿಯಿತು, ಅಲ್ಲಿಯೇ ಅದರ ಸ್ವಂತ ಶಬ್ದಕೋಶವೂ ಬೆಳೆಯಿತು. ಸದಸ್ಯರು ಪರಸ್ಪರ ‘ಅಣ್ಣ’, ‘ಅಕ್ಕ’ ಎಂಬರ್ಥದಲ್ಲಿ ಸಂಬೋಧಿಸಿಕೊಂಡು ಗುಪ್ತನಾಮ ಇಟ್ಟುಕೊಂಡರು. ಒಟ್ಟು ವಿದ್ಯಮಾನವನ್ನು ‘ಸೆಳವುಗಳ ಕಾರ್ಯ’ ಎಂದರು, ಬರಬರುತ್ತ ಬರಿಯ ‘ಕಾರ್ಯ’ ಎಂದರೆ ಸಾಕಾಯಿತು. ಕಾರ್ಯವೆಂದರೆ ದೇವರು ನಡೆಸುತ್ತಿರುವ ಕಾರ್ಯ. ವೈದ್ಯರ ಪದವನ್ನು ಅವರು ತಳ್ಳಿಹಾಕಲಿಲ್ಲ. ಅದಕ್ಕೊಂದು ಶಾಸ್ತ್ರೀಯ ಕಾರಣವಿತ್ತು. ಜಾನ್ಸೆನಿಸ್ಟರಲ್ಲಿ ‘ಫಿಗುರಿಸಂ’ ಎಂಬ ವ್ಯಾಖ್ಯಾನ ಪದ್ಧತಿ ಬೆಳೆದಿತ್ತು. ಬೈಬಲ್ಲಿನಲ್ಲಿ ನಡೆದದ್ದೆಲ್ಲ ಮುಂದೆ ಚರ್ಚಿಗೆ ಆಗಲಿರುವುದರ ಸಂಕೇತ ಎಂಬುದು ಅದರ ತಿರುಳು. ದೇತೆಮಾರ್ ಎಂಬ ಪಾದ್ರಿ ಅದರ ಮುಖ್ಯ ಪ್ರತಿಪಾದಕ. ಈ ದೃಷ್ಟಿಗೆ ಬಡ ಹೆಂಗಸಿನ ಒದ್ದಾಡುವ ಮೈ ಸತ್ಯವನ್ನು ಕೈಬಿಟ್ಟು ಸಂಕಟಪಡುತ್ತಿರುವ ಚರ್ಚಿನ ಚಿತ್ರವಾಗಿತ್ತು. ರೋಗದ ಹೆಸರು ಅವಮಾನವಾಗುವ ಬದಲು ಅರ್ಥಪೂರ್ಣವಾದದ್ದು ಹೀಗೆ: ಚರ್ಚಿಗೆ ಬಂದಿರುವ ರೋಗವನ್ನು ತಮ್ಮ ಮೈಯಲ್ಲಿ ತೋರಿಸುವುದೇ ಈ ಜನರ ಕರ್ತವ್ಯ. ಎಲೀಯ ಪ್ರವಾದಿ ಮರಳಿ ಬರುತ್ತಾನೆ, ಯಹೂದ್ಯರು ಮತಾಂತರಗೊಳ್ಳುತ್ತಾರೆ ಎಂದು ಅವರು ಸೆಳವಿನ ನಡುವೆ ಭವಿಷ್ಯ ನುಡಿದರು. ಪಿಯೆರ್ ವಯ್ಯಾಂ ಎಂಬ ಪಾದ್ರಿಯನ್ನೇ ಕೆಲವರು ಎಲೀಯನೆಂದು ನಂಬಿ ‘ವಯ್ಯಾಂತಿಸ್ತ್’ ಎನ್ನಿಸಿಕೊಂಡರು, ಆತನನ್ನು ಸರ್ಕಾರ ಸೆರೆಯಲ್ಲಿಟ್ಟಿತು.

ಸೆಳವು ಬಂದವರು ಸುತ್ತಲಿನವರಿಂದ ನೆರವು ಬೇಡುತ್ತಿದ್ದರು. ನೆರವು ಎಂಬರ್ಥದ ‘ಸೆಕೂರ್’ ಎಂಬ ಫ್ರೆಂಚ್ ಪದ ಇಲ್ಲಿ ವಿಚಿತ್ರ ತಿರುವು ಪಡೆಯಿತು. ಕೈಕಾಲು ಒತ್ತುವುದು, ಬಟ್ಟೆಯ ಪಟ್ಟಿಯಿಂದ ಬಿಗಿದು ಎಳೆಯುವುದು ‘ಚಿಕ್ಕ ನೆರವು’. ಸೌದೆಯ ದಿಮ್ಮಿಯಿಂದ, ಕಬ್ಬಿಣದ ಸಲಾಕೆಯಿಂದ ಎದೆಗೂ ಹೊಟ್ಟೆಗೂ ಬಡಿಯುವುದು, ಕತ್ತಿಯ ಮೊನೆಯನ್ನು ಮೈಗೆ ಒತ್ತುವುದು ‘ದೊಡ್ಡ ನೆರವು’. ವಿರೋಧಿಗಳು ಇದನ್ನು ‘ಕೊಲೆಗಡುಕ ನೆರವು’ ಎಂದರು. ಹೊಡೆತ ತಿಂದವರು ನೋವಾಗುವ ಬದಲು ಹಿತವಾಯಿತೆನ್ನುತ್ತಿದ್ದರು, ಇನ್ನೂ ಬಲವಾಗಿ ಹೊಡೆಯಿರೆಂದು ಕೇಳುತ್ತಿದ್ದರು. ಮಾರಿ ಸೊನೆ ಎಂಬಾಕೆ ಉರಿಯುವ ಬೆಂಕಿಯ ಮೇಲೆ ಚಾಚಿಕೊಂಡು ಮಲಗಿದರೂ ಸುಡಲಿಲ್ಲವೆಂಬ ಕಾರಣಕ್ಕೆ, ಬೆಂಕಿಯಲ್ಲಿ ಬದುಕುತ್ತದೆಂದು ಆ ಕಾಲದ ಜನ ನಂಬಿದ್ದ ಜೀವಿಯ ಹೆಸರಿನಿಂದ ‘ಸಾಲಮಾಂದ್ರ್’ ಎನಿಸಿಕೊಂಡಳು. ಕಂಡವರು ಅದಕ್ಕೆ ಲಿಖಿತ ಸಾಕ್ಷ್ಯ ಕೊಟ್ಟು ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಒಬ್ಬ ಆರ್ಮಾಂ ಅರುಎ, ವೋಲ್ತೇರನ ಸ್ವಂತ ಅಣ್ಣ. ಶಿಲುಬೆಗೇರಿಸುವುದೂ ಆಮೇಲೆ ನೆರವಿನ ಪಟ್ಟಿಗೆ ಸೇರಿತು. ಭೂಮಿಯ ಆಕಾರವನ್ನು ಅಳೆಯಲು ದಕ್ಷಿಣ ಅಮೆರಿಕಕ್ಕೆ ಹೋಗಿಬಂದಿದ್ದ ವಿಜ್ಞಾನಿ ಲಾ ಕೊಂದಾಮೀನ್ 1759ರ ಗುಡ್ ಫ್ರೈಡೆಯಂದು ಇಂಥ ಒಂದು ಕೂಟಕ್ಕೆ ಹೋಗಿ, ಫ್ರಾನ್ಸ್ವಾಸ್ ಎಂಬಾಕೆ ಅಂಗೈಗೂ ಪಾದಗಳಿಗೂ ಮೊಳೆ ಹೊಡೆಸಿಕೊಂಡು ಮೂರು ಗಂಟೆಗೂ ಮಿಕ್ಕಿ ಇದ್ದುದನ್ನು ಪ್ರಯೋಗವೊಂದನ್ನು ದಾಖಲಿಸುವಷ್ಟೇ ತಣ್ಣಗೆ ಬರೆದಿಟ್ಟ. ಆತನ ಬರಹದಲ್ಲಿ ನೋವಿನ ಚಿಹ್ನೆಗಳೂ ದಾಖಲಾಗಿವೆ.

ಈ ಘಟ್ಟದಲ್ಲಿ ಪ್ರತ್ಯಯಗಳೇ ಪಕ್ಷದ ಬಾವುಟಗಳಾದವು. ಸೆಳವು ಬರುವವರು ‘ಕೊನ್ವುಲ್ಸಿಯೊನೇರ್’; ತಮಗೆ ಬರದಿದ್ದರೂ ಅದು ದೇವರದೆಂದು ವಾದಿಸುವವರು ‘ಕೊನ್ವುಲ್ಸಿಯೊನಿಸ್ತ್’; ಜಾನ್ಸೆನಿಸ್ಟರಾಗಿದ್ದೂ ಸೆಳವನ್ನು ಒಪ್ಪದವರು ‘ಆಂತಿಕೊನ್ವುಲ್ಸಿಯೊನಿಸ್ತ್’; ಸೆಳವಿನಲ್ಲಿ ದೇವರದೂ ಇದೆ, ಮನುಷ್ಯರದೂ ಇದೆ, ಬೇರ್ಪಡಿಸಿ ನೋಡಬೇಕು ಎಂದವರಿಗೆ ಬೆರಕೆಯವರು ಎಂಬರ್ಥದ ‘ಮೆಲಾಂಜಿಸ್ತ್’ ಎಂಬ ಹೆಸರು. ಹೊಡೆತದ ನೆರವನ್ನು ಸಮರ್ಥಿಸುವವರು ‘ಸೆಕೂರಿಸ್ತ್’, ವಿರೋಧಿಸುವವರು ‘ಆಂತಿಸೆಕೂರಿಸ್ತ್’. ಇಂದಿನ ಫ್ರೆಂಚಿನಲ್ಲಿ ಸೆಕೂರಿಸ್ತ್ ಎಂದರೆ ಅಪಘಾತವಾದಾಗ ಪ್ರಥಮ ಚಿಕಿತ್ಸೆ ಮಾಡುವವರು ಎಂಬುದು ತಿಳಿದರೆ ಈ ಪಟ್ಟಿ ಓದುವಾಗ ಸಣ್ಣ ನಗೆ ಬಾರದಿರದು. ಆದರೆ ಆಗ ಅದು ನಗುವ ವಿಷಯವಾಗಿರಲಿಲ್ಲ. 1735ರ ಜನವರಿಯಲ್ಲಿ 30 ಮಂದಿ ಜಾನ್ಸೆನಿಸ್ಟ್ ಪಂಡಿತರೇ ಸೇರಿ ಸೆಳವುಗಳನ್ನು ಖಂಡಿಸುವ ಅಭಿಪ್ರಾಯಪತ್ರಕ್ಕೆ ಸಹಿ ಮಾಡಿದರು. ಗೋರಿಯ ಪವಾಡಗಳನ್ನು ನಂಬಿದ್ದವರೂ ಅವರಲ್ಲಿದ್ದರು. ಗುಣವಾಗುವುದು ದೇವರ ಕೆಲಸ, ಒದ್ದಾಡುವುದು ಅಲ್ಲ ಎಂಬುದು ಅವರ ವಾದ. ಹೆಂಗಸರ ಮೈಯನ್ನು ಗಂಡಸರು ತುಳಿಯುವುದೂ ಬಡಿಯುವುದೂ ಮರ್ಯಾದೆಯಲ್ಲ ಎಂಬ ಮುಜುಗರ ಅದರ ಹಿಂದೆ ಇತ್ತು, ಕೂಟಗಳಲ್ಲಿ ಅಕ್ಷರ ಬಾರದ ಹೆಂಗಸರು ಪಾದ್ರಿಗಳಿಗೆ ಉಪದೇಶ ಮಾಡತೊಡಗಿದ್ದರ ಇರಿಸುಮುರಿಸೂ ಇದ್ದಿರಬೇಕು.

ವೈದ್ಯರ ಪದವನ್ನು ವೈದ್ಯರ ಕೈಗೇ ಮರಳಿಸಲು ಯತ್ನಿಸಿದವನು ಫಿಲಿಪ್ ಎಕೆ. ಈತನ ಸ್ಥಾನ ಸ್ವಾರಸ್ಯದ್ದು: ಪ್ಯಾರಿಸ್ಸಿನ ಹೆಸರಾಂತ ವೈದ್ಯ, ಹಿಂದೆ ಪೋರ್ ರಾಯಲ್ ಮಠಕ್ಕೆ ಚಿಕಿತ್ಸೆ ನೀಡಿದ್ದವನು, ಸ್ವತಃ ಕಟ್ಟಾ ಜಾನ್ಸೆನಿಸ್ಟ್. 1733ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆತ ಸೆಳವುಗಳನ್ನು ಸಹಜ ಕಾರಣಗಳಿಂದ ವಿವರಿಸಿ, ಇಡೀ ವಿದ್ಯಮಾನವನ್ನು ‘ಸೆಳವಿನ ಸಾಂಕ್ರಾಮಿಕ’ ಎಂದು ಕರೆದ. ಕೆರಳಿದ ಕಲ್ಪನೆ, ದೇಹದೊಳಗಿನ ಆವಿಗಳು, ಅದರಲ್ಲೂ ಹೆಂಗಸರ ದೇಹಸ್ಥಿತಿ ಎಂದು ಅಂದಿನ ವೈದ್ಯ ಸಿದ್ಧಾಂತವೆಲ್ಲ ಅವನ ವಿವರಣೆಯಲ್ಲಿದೆ; ಇಂದು ಅದರಲ್ಲಿ ಹೆಚ್ಚಿನದು ನಿಲ್ಲುವುದಿಲ್ಲ. ಆದರೆ ನೋಡಿದವರಿಂದ ನೋಡಿದವರಿಗೆ ದಾಟುತ್ತದೆ, ಮೋಸವಿಲ್ಲದೆಯೂ ದೇವರಿಲ್ಲದೆಯೂ ಮೈ ಸೆಳೆಯಬಹುದು ಎಂಬ ಮೂರನೆಯ ದಾರಿಯೊಂದನ್ನು ಆತ ತೆರೆದ. ಬಾಸ್ತೀಲಿನ ವೈದ್ಯರಿಗೆ ಹೊಳೆಯದ, ಅಥವಾ ಹೊಳೆದರೂ ಬೇಡವಾಗಿದ್ದ ದಾರಿ ಅದು. ತನ್ನ ಪಂಥದ ಗೌರವ ಉಳಿಸಲು ಹೊರಟ ಭಕ್ತನೊಬ್ಬ ಆ ಪಂಥದ ಅತಿ ಎದ್ದುಕಾಣುವ ದೈವಚಿಹ್ನೆಯನ್ನು ರೋಗವೆಂದು ಸಾಧಿಸಬೇಕಾಗಿ ಬಂದದ್ದು ಈ ಚರಿತ್ರೆಯ ನಿಜವಾದ ವಿಪರ್ಯಾಸ.

ಎದುರು ಪಕ್ಷದಲ್ಲಿ ಅಷ್ಟೇ ಹಟದಿಂದ ಸಾಕ್ಷ್ಯ ಕಲೆಹಾಕಿದವನು ಕಾರೆ ದ ಮೋಂಜೆರೋಂ. ಈತ ಪ್ಯಾರಿಸ್ಸಿನ ಪಾರ್ಲಮಾಂ ಎಂಬ ಉಚ್ಚ ನ್ಯಾಯಾಲಯದ ಸದಸ್ಯ. 1731ರ ಸೆಪ್ಟೆಂಬರ್ 7ರಂದು ನಂಬಿಕೆಯಿಲ್ಲದೆಯೇ ಗೋರಿಯನ್ನು ನೋಡಲು ಹೋಗಿ ಅಲ್ಲಿಯೇ ಮನಸ್ಸು ತಿರುಗಿ ಭಕ್ತನಾದ. ಗುಣವಾದವರ ಹೇಳಿಕೆಗಳು, ವೈದ್ಯರ ಪ್ರಮಾಣಪತ್ರಗಳು, ಜಾನ್ ರೆಸ್ತೂ ಎಂಬ ಕಲಾವಿದನ ರೇಖಾಚಿತ್ರಗಳನ್ನು ಆಧರಿಸಿದ ಮುದ್ರಿತ ಚಿತ್ರಗಳು, ಇವೆಲ್ಲ ಇರುವ ಭಾರಿ ಗ್ರಂಥವನ್ನು ಸಿದ್ಧಪಡಿಸಿ 1737ರ ಜುಲೈ 29ರಂದು ವೆರ್ಸಾಯ್ ಅರಮನೆಯಲ್ಲಿ ಹದಿನೈದನೆಯ ಲೂಯಿಯ ಕೈಗೇ ಕೊಟ್ಟ. ಆತನನ್ನು ಬಂಧಿಸಿ ಬಾಸ್ತೀಲಿಗೆ ಕಳಿಸಿದರು. ಮರಳಿ ಸ್ವತಂತ್ರನಾಗದೆ 1754ರಲ್ಲಿ ವಾಲಾನ್ಸ್‌ನಲ್ಲಿ ತೀರಿಕೊಂಡ. ಆತನ ಗ್ರಂಥದ ಮುಂದಿನ ಭಾಗದಲ್ಲಿ ಒಂದು ಪ್ರಸಂಗವಿದೆ. ಮೂವತ್ತು ಪೌಂಡಿನ ಸುಮಾರಿಗೆ ತೂಗುವ ಕಬ್ಬಿಣದ ಒಲೆಗಂಬಿಯಿಂದ ತಾನೇ ಒಬ್ಬಾಕೆಯ ಹೊಟ್ಟೆಗೆ ಅರವತ್ತು ಪೆಟ್ಟು ಹೊಡೆದರೂ ಆಕೆ ಸಾಲದೆಂದಳು. ಅದೇ ಕಂಬಿಯಿಂದ ಗೋಡೆಗೆ ಹೊಡೆದಾಗ ಇಪ್ಪತ್ತೈದನೆಯ ಪೆಟ್ಟಿಗೆ ಕಲ್ಲು ಒಡೆದು ಒಳಹೋಯಿತು ಎನ್ನುತ್ತಾನೆ. ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು; ಆದರೆ ನ್ಯಾಯಾಧೀಶನೊಬ್ಬ ಎಣಿಸಿ, ತೂಗಿ, ಹೋಲಿಸಿ ನೋಡುವ ಈ ರೀತಿಯೇ ಹೇಳುತ್ತದೆ, ಸೆಳವಿನ ಪರವಾಗಿ ವಾದಿಸುವವರೂ ಅಷ್ಟು ಹೊತ್ತಿಗೆ ಪ್ರಯೋಗವಿಜ್ಞಾನದ ಭಾಷೆಗೆ ಒಗ್ಗಿಹೋಗಿದ್ದರು.

ತತ್ತ್ವಜ್ಞಾನಿಗಳ ಕೈಯಲ್ಲಿ ಪದ ಬೈಗುಳವಾಯಿತು. 1754ರಲ್ಲಿ ಬಂದ ಫ್ರೆಂಚ್ ವಿಶ್ವಕೋಶದ ನಾಲ್ಕನೆಯ ಸಂಪುಟ ಕೊನ್ವುಲ್ಸಿಯೊನೇರರನ್ನು ಮತಾಂಧರ ಪಂಥವೆಂದು ನಿರೂಪಿಸಿತು. ವೋಲ್ತೇರನಂತೂ ಬಿಡಲೇ ಇಲ್ಲ. 1764ರಲ್ಲಿ ಹೊರಬಂದ ತನ್ನ ತತ್ತ್ವಶಾಸ್ತ್ರ ನಿಘಂಟಿಗಾಗಿ ಬರೆದ ‘ಕನ್ವಲ್ಷನ್’ ಎಂಬ ಲೇಖನದಲ್ಲಿ ಆತ ಒಂದು ಲಾವಣಿಯನ್ನು ಉದ್ಧರಿಸುತ್ತಾನೆ: ಎಡಗಾಲು ಊನವಾಗಿದ್ದ ಬೂಟು ಒರೆಸುವವನೊಬ್ಬ ವಿಶೇಷ ಕೃಪೆಯಿಂದ ಇನ್ನೊಂದು ಕಾಲಿನಲ್ಲಿ ಕುಂಟನಾದನಂತೆ. ಅದೇ ಲೇಖನ ಸಮಾಧಿಭೂಮಿಯ ಕುಣಿತವನ್ನು 1724ರ ಸುಮಾರಿಗೆ ಇಡುತ್ತದೆ. ಆಗ ಪಾರಿ ಇನ್ನೂ ಬದುಕಿದ್ದ. ಅಣ್ಣನ ಮೇಲಿನ ಮುನಿಸು ಆತನ ವ್ಯಂಗ್ಯವನ್ನು ಹರಿತ ಮಾಡಿದ್ದರೆ ಆಶ್ಚರ್ಯವಿಲ್ಲ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲಿ ಪವಾಡಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಬೇರೆಯೇ ಹಾದಿ ಹಿಡಿದ. ಪಾರಿಯ ಗೋರಿಯ ಬಳಿ ಗುಣವಾದವರ ಬಗ್ಗೆ ಇದ್ದಷ್ಟು ಒಳ್ಳೆಯ ಸಾಕ್ಷ್ಯ ಬೇರೆ ಪವಾಡಗಳಿಗೆ ಸಿಗುವುದು ಕಷ್ಟ ಎಂದು ಒಪ್ಪಿಕೊಂಡು, ಅಷ್ಟು ಸಾಕ್ಷ್ಯವಿದ್ದೂ ನಂಬಲಾಗದಿದ್ದರೆ ಕಡಿಮೆ ಸಾಕ್ಷ್ಯದ ಪವಾಡಗಳ ಗತಿಯೇನು ಎಂಬತ್ತ ವಾದವನ್ನು ಒಯ್ದ. ಹ್ಯೂಮನಿಗೆ ಮುಖ್ಯವಾದದ್ದು ಗುಣವಾದವರ ಪ್ರಕರಣಗಳು. ಒದ್ದಾಟದ ಗೋಜಿಗೆ ಆತ ಹೋಗಲಿಲ್ಲ. ಮೋಂಜೆರೋಂನ ಗ್ರಂಥಕ್ಕೆ ಫ್ರಾನ್ಸಿನ ಹೊರಗೆ ದೊರೆತ ಗಂಭೀರ ಓದು ಇದು.

ದೇಹದ ಅದುರುವಿಕೆಯಿಂದ ಹೆಸರು ಪಡೆದ ಕ್ರೈಸ್ತ ಪಂಥಗಳು ಬೇರೆಯೂ ಇವೆ. ದೇವರ ಮಾತಿಗೆ ನಡುಗಿರಿ ಎಂದು ಜಾರ್ಜ್ ಫಾಕ್ಸ್ ಹೇಳಿದ್ದಕ್ಕೆ 1650ರಲ್ಲಿ ಡರ್ಬಿಯ ನ್ಯಾಯಾಧೀಶನೊಬ್ಬ ಅವನ ಅನುಯಾಯಿಗಳನ್ನು ನಡುಗುವವರೆಂದು, ಅಂದರೆ ‘ಕ್ವೇಕರ್’ ಎಂದು ಹಂಗಿಸಿದ. ಅಲುಗಾಡುವ ಕ್ವೇಕರರು ಎಂಬ ಗೇಲಿಯಿಂದ ‘ಶೇಕರ್’ ಬಂತು. 1800ರ ಆಚೀಚೆ ಅಮೆರಿಕದ ಕೆಂಟಕಿ, ಟೆನೆಸ್ಸೀ ಕಡೆಯ ಬಯಲು ಪ್ರಾರ್ಥನಾ ಕೂಟಗಳಲ್ಲಿ ತಲೆ ಹಿಂದೆಮುಂದೆ ಜಗ್ಗುತ್ತಿದ್ದುದನ್ನು ಜನ ‘ಜರ್ಕ್ಸ್’ ಎಂದರು. ಇವೆಲ್ಲ ಮನೆಮಾತಿನ ಪದಗಳು, ಹಂಗಿಸಿದವರ ನಾಲಿಗೆಯಿಂದ ಬಂದವು. ಕ್ವೇಕರರೂ ಶೇಕರರೂ ಬರಬರುತ್ತ ಆ ಹೆಸರುಗಳನ್ನು ತಮ್ಮವೆಂದು ಒಪ್ಪಿಕೊಂಡರು, ಇಂದು ಅವುಗಳಲ್ಲಿ ರೋಗದ ವಾಸನೆಯಿಲ್ಲ. ಫ್ರೆಂಚ್ ಪದ ಮಾತ್ರ ಆಸ್ಪತ್ರೆಯಿಂದ ಬಂದದ್ದು, ಕೊನೆಗೆ ಆಸ್ಪತ್ರೆಗೇ ಹೋಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಹಾಗೆ ಒಯ್ದವರು ಮನೋರೋಗ ವೈದ್ಯರು. ಕಾಲ್‌ಮೇಯ್ ಎಂಬ ವೈದ್ಯ 1845ರಲ್ಲಿ ಹುಚ್ಚಿನ ಚರಿತ್ರೆ ಬರೆದಾಗ ಸೇಂಟ್ ಮೆದಾರಿನ ಜನರನ್ನು ಸಾಮೂಹಿಕ ಮನೋರೋಗದ ಪ್ರಕರಣವಾಗಿ ಸೇರಿಸಿದ. ಸೇಂಟ್ ಮೆದಾರಿನಿಂದ ಹೆಚ್ಚು ದೂರವಿಲ್ಲದ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ಹಿಸ್ಟೀರಿಯಾ ಕುರಿತು ಪಾಠ ಹೇಳುತ್ತಿದ್ದ ಶಾರ್ಕೊ, ಪೋಲ್ ರಿಷೆಯೊಂದಿಗೆ 1887ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದೆವ್ವ ಹಿಡಿದವರ ಹಳೆಯ ಚಿತ್ರಗಳ ಸಾಲಿನಲ್ಲಿ ಮೋಂಜೆರೋಂನ ಗ್ರಂಥದ ಚಿತ್ರಗಳನ್ನೂ ಇಟ್ಟು, ಅವುಗಳಲ್ಲಿ ತನ್ನ ರೋಗಿಗಳ ಲಕ್ಷಣಗಳನ್ನೇ ಗುರುತಿಸಿದ. ಪವಾಡಕ್ಕೆ ಸಾಕ್ಷಿಯಾಗಿ ಬರೆಸಿದ ಚಿತ್ರಗಳು ರೋಗನಿದಾನದ ಸಾಕ್ಷಿಯಾದವು. ಆ ನಿದಾನದ ಹೆಸರೂ ಉಳಿಯಲಿಲ್ಲ: ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಿಂದ ಹಿಸ್ಟೀರಿಯಾ ಪದವನ್ನು 1980ರಲ್ಲಿ ಕೈಬಿಟ್ಟಿತು. ಮಿದುಳಿನ ವಿದ್ಯುತ್ ಏರುಪೇರಿಲ್ಲದೆ, ನಟನೆಯೂ ಅಲ್ಲದೆ ಬರುವ ಸೆಳವುಗಳಿಗೆ ಇಂದಿನ ನರವೈದ್ಯರು ಬೇರೆ ಹೆಸರುಗಳನ್ನು ಬಳಸುತ್ತಾರೆ. ಲೂದೂಂ ಮತ್ತು ಸೇಂಟ್ ಮೆದಾರಿನ ಜನರನ್ನು ಅವರ ಮುಂದೆ ತಂದು ನಿಲ್ಲಿಸಲಾಗದು. ಹಾಗಾಗಿ ಇಂದಿನ ಚರಿತ್ರಕಾರರು ನಿದಾನ ಹೇಳುವ ಆತುರ ತೋರದೆ, ಆ ಸೆಳವುಗಳು ಅಂದಿನ ಧರ್ಮರಾಜಕಾರಣದಲ್ಲಿ ಏನನ್ನು ಸಾಧಿಸಿದವು ಎಂದು ಕೇಳುತ್ತಾರೆ. ನನಗೂ ಅದೇ ಹೆಚ್ಚು ಫಲಕಾರಿಯಾದ ಪ್ರಶ್ನೆ ಎನಿಸುತ್ತದೆ.

ಜನರ ಕಥೆ ಪದದ ಕಥೆಯಷ್ಟು ಬೇಗ ಮುಗಿಯಲಿಲ್ಲ. 1787ರಲ್ಲಿ ಲಿಯೋಂ ಸಮೀಪದ ಫರೈನ್ ಎಂಬ ಹಳ್ಳಿಯಲ್ಲಿ ಬೋಂಜೂರ್ ಹೆಸರಿನ ಪಾದ್ರಿ ಸೋದರರ ಮುಂದಾಳತ್ವದಲ್ಲಿ ಹುಡುಗಿಯೊಬ್ಬಳನ್ನು ಚರ್ಚಿನೊಳಗೇ ಶಿಲುಬೆಗೆ ಜಡಿದದ್ದು ದೊಡ್ಡ ಹಗರಣವಾಯಿತು. ಅವರ ಹಿಂಬಾಲಕರನ್ನು ಹಳ್ಳಿಯ ಹೆಸರಿನಿಂದ ‘ಫರೈನಿಸ್ತ್’ ಎಂದು ಕರೆದರು, ಕೊನ್ವುಲ್ಸಿಯೊನೇರ್ ಎಂಬ ಪದ ಅಷ್ಟರಲ್ಲಿ ಪ್ಯಾರಿಸ್ಸಿನ ಹಳೆಯ ಗಲಾಟೆಗೆ ಅಂಟಿಕೊಂಡುಬಿಟ್ಟಿತ್ತು. ಕ್ರಾಂತಿಯ ನಂತರವೂ ಲಿಯೋಂ ಮತ್ತು ಫೊರೆ ಸೀಮೆಗಳಲ್ಲಿ ಸಣ್ಣ ಗುಂಪುಗಳು ಉಳಿದವು. ಪ್ಯಾರಿಸ್ಸಿನಲ್ಲಿ 1819ರಿಂದ ನಡೆದುಬಂದಿರುವ, ಕೆಲವೇ ಮನೆತನಗಳು ತಮ್ಮತಮ್ಮೊಳಗೆ ಸಂಬಂಧ ಬೆಳೆಸಿಕೊಂಡಿರುವ ‘ಕುಟುಂಬ’ ಎಂಬ ಸಮುದಾಯ ಇಂದಿಗೂ ಇದೆ, ಅದರ ಬೇರನ್ನು ಸೇಂಟ್ ಮೆದಾರಿನ ಕೂಟಗಳಿಗೇ ಒಯ್ದು ಮುಟ್ಟಿಸುತ್ತಾರೆ. ಹದಿನೆಂಟನೆಯ ಶತಮಾನದ ಆ ಜಾನ್ಸೆನಿಸ್ಟರು ತಮ್ಮನ್ನು ತಾವು ಕರೆದುಕೊಳ್ಳಲು ಇಷ್ಟಪಟ್ಟ ಹೆಸರು ಬೇರೆಯೇ ಆಗಿತ್ತು, ‘ಸತ್ಯದ ಮಿತ್ರರು’ ಎಂದು. ನಿಘಂಟುಗಳಲ್ಲಿ ಉಳಿದದ್ದು ‘ಕೊನ್ವುಲ್ಸಿಯೊನೇರ್’.